ಒಳಗಿನಾಕಿಗೆ ಅರಿಷಿಣ-ಕುಂಕುಮ

ನಮ್ಮ ಕಾಕಾ ಮಿರಜಿನಲ್ಲಿ ಒಂದು ಬಸುರಿ ಕಂಪ್ಯೂಟರ್ ಸಾಕಿದ್ದಾರೆ ಎಂದರೆ ನೀವು ನಗುತ್ತೀರಿ. ನಗಿ! ನಾನೂ ನಕ್ಕವಳೇ. ಅದರ ಹೊಟ್ಟೆಯೊಳಗೆ ಇನ್ನೊಂದು ಕಂಪ್ಯೂಟರ್ ಇದೆ. ಮುಟ್ಟಲು ಬರುವಂಥದ್ದಲ್ಲ, ಬರೀ ಸಾಫ್ಟ್‌ವೇರಿನದು. ಬಲ್ಲವರು ಅದನ್ನು ವರ್ಚುವಲ್ ಮಷೀನ್ ಎನ್ನುತ್ತಾರೆ. ಕಾಕಾ 'ಒಳಗಿನಾಕಿ' ಎನ್ನುತ್ತಾರೆ.

ಈ ಮನುಷ್ಯ ನಲವತ್ತು ವರ್ಷ ಸಾಂಗ್ಲಿ ಪೇಟೆಯಲ್ಲಿ ಅರಿಷಿಣದ ಕೊಂಬು ಮುರಿದು, ಮೂಸಿ, ಅದರ ಜಾತಕ ಹೇಳುತ್ತಿದ್ದವರು. ಮಕ್ಕಳಿಲ್ಲ. ಅವರ ಹೆಂಡತಿ, ನಮ್ಮ ಕಾಕು, ತೀರಿಕೊಂಡು ಎರಡು ವರ್ಷವಾಯಿತು. ಭಜನಿಗೆ ಹೋಗ್ರಿ, ನಾಲ್ಕು ಮಂದಿ ಸಿಗತಾರ ಎಂದು ನಾವೆಲ್ಲ ಹೇಳಿದರೆ, ಇವರು ವಿಡಿಯೊ ನೋಡಿ ನೋಡಿ ಕಂಪ್ಯೂಟರ್ ಕಲಿತು ಕೂತರು. ನಾನೋ ಸಾಂಗ್ಲಿಯ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ನೌಕರಿ ಮಾಡುವವಳು. ಇದಕ್ಕಿಂತ ದೊಡ್ಡ ಅಪರಾಧ ಬೇಕೇ?

ಒಂದು ಭಾನುವಾರ ಬೆಳಿಗ್ಗೆ ಫೋನು ಬಂತು. "ಲಗೂನ ಬಾರವಾ, ಒಳಗಿನಾಕಿಗೆ ನೆಟ್ ಇಲ್ಲ."

ಶೇರ್ ಆಟೊ ಹಿಡಿದು ಓಡಿದೆ. ಸಂಗತಿ ಇಷ್ಟೆ: ಒಳಗಿನ ಯಂತ್ರ ಸಾಮಾನ್ಯವಾಗಿ ಹೊರಗಿನದರ ನೆಟ್‌ವರ್ಕನ್ನೇ ಹಂಚಿಕೊಂಡು ಬದುಕುತ್ತದೆ. ಕಾಕಾನಿಗೆ ಅದು ಒಪ್ಪಿಗೆಯಿಲ್ಲ. ಕೇಬಲ್ ಸಿಕ್ಕಿಸುವ ಕಾರ್ಡನ್ನೇ ಪೂರ್ತಿಯಾಗಿ ಅದರ ವಶಕ್ಕೆ ಕೊಡಬೇಕಂತೆ. ಪಾಸ್‌ಥ್ರೂ ಎನ್ನುತ್ತಾರೆ ಇದಕ್ಕೆ. ಕೊಟ್ಟೂ ಬಿಟ್ಟಿದ್ದರು, ಮನೆಯಲ್ಲಿದ್ದ ಒಂದೇ ಒಂದು ಕಾರ್ಡನ್ನು! ಹೊರಗಿನದು ತಕ್ಷಣ ಕುರುಡಾಯಿತು. ಗಾಬರಿಯಲ್ಲಿ ಎಲ್ಲವನ್ನೂ ಆರಿಸಿ, ಹಚ್ಚಿ, ಕೊನೆಗೆ ಎರಡಕ್ಕೂ ನೆಟ್ ಇಲ್ಲದಂತೆ ಮಾಡಿದ್ದರು.

"ಹಂಚಿಕೊಂಡಿರಲಿ ಬಿಡ್ರಿ ಕಾಕಾ."

"ಅಕಿದು ಅಕಿಗೇ ಇರಬೇಕು. ಇನ್ನೊಬ್ಬರ ಬೆನ್ನಹಿಂದ ಯಾಕ ನಿಂದರಬೇಕು? ರೌಟರಿನ ಪಟ್ಟಿಯೊಳಗ ಎರಡನೇ ಹೆಸರು ಬರಬೇಕು, ಅಷ್ಟ."

ಮನೆಯಲ್ಲಿ ಯಾವ ಯಾವ ಯಂತ್ರ ನೆಟ್ಟಿಗೆ ಸೇರಿವೆ ಎಂದು ರೌಟರ್ ಒಂದು ಪಟ್ಟಿ ಇಟ್ಟಿರುತ್ತದೆ. ಅದನ್ನು ಜಗತ್ತಿನಲ್ಲಿ ದಿನಾಲೂ ಓದುವವರು ನಮ್ಮ ಕಾಕಾ ಒಬ್ಬರೇ ಇರಬೇಕು.

ಆ ಕಾರ್ಡನ್ನು ಹೊರಗಿನದಕ್ಕೇ ಮರಳಿಸಿ ಬಂದು, ಮುಂದಿನ ಭಾನುವಾರ ಇನ್ನೊಂದು ಹಳೆಯ ಕಾರ್ಡು ತಂದು ಕೂಡಿಸಿದೆ. ಈ ಸಲ ಹೊಸ ಪೇಚು! ನಾನು ಸಿಕ್ಕಿಸಿದ ಖಾನೆಯ, ಅಂದರೆ ಸ್ಲಾಟಿನ, ಕಾರ್ಡೂ ಕಂಪ್ಯೂಟರಿನ ದನಿ ಹೊರಡಿಸುವ ಭಾಗವೂ ಒಂದೇ ಗುಂಪಿನವಂತೆ. ಒಂದನ್ನು ಒಳಗೆ ಕಳಿಸಿದರೆ ಇನ್ನೊಂದೂ ಹಿಂದೆಯೇ ಹೊರಟಿತು. ಕಾಕಾನ ವಿಡಿಯೊಗಳೆಲ್ಲ ಮೂಕವಾದವು.

"ಅಕಿ ಹೋದಮ್ಯಾಲ ಈ ಮನಿಯೊಳಗ ದನಿ ಇಲ್ಲ ಬಿಡವಾ," ಎಂದರು. ಯಾವ ಅಕಿ ಎಂದು ನಾನು ಕೇಳಲಿಲ್ಲ. ಕಾರ್ಡನ್ನು ಬೇರೆ ಖಾನೆಗೆ ಹಾಕಿದರೆ ಗುಂಪು ಬೇರೆಯಾದೀತು, ನೀವೇ ತೆಗೆದು ಹಾಕಿ ನೋಡ್ರಿ ಎಂದು ಹೇಳಿ ಬಂದೆ. ಹೇಳಬಾರದಿತ್ತು!

ಮೂರನೇ ಭಾನುವಾರ ಹೋದರೆ ಕಾರ್ಡು ಎಲ್ಲೂ ಇಲ್ಲ! ಒಳಗಿನದಕ್ಕೂ ಕಾಣದು, ಹೊರಗಿನದಕ್ಕೂ ಕಾಣದು. ಈ ನಡುವೆ ಕಾಕಾ ಪರದೇಶದ ಪಂಡಿತರ ತಾಣವೊಂದಕ್ಕೆ ಇಂಗ್ಲಿಷಿನಲ್ಲಿ ಅರ್ಜಿಯನ್ನೂ ಗುಜರಾಯಿಸಿದ್ದರು. 'ಮಾನ್ಯರೇ' ಎಂದು ಶುರು, 'ತಮ್ಮ ವಿಶ್ವಾಸಿ' ಎಂದು ಮುಕ್ತಾಯ. ಒಂದೇ ಸಾಲಿನ ಉತ್ತರ ಬಂದಿತ್ತು: ಇದೆಲ್ಲ ನಿಮಗೆ ಯಾಕೆ ಬೇಕು?

"ಯಾಕ ಬೇಕಂತ!" ಕಾಕಾ ಕೆರಳಿದರು. "ಅವನ ಮನ್ಯಾಗ ಎಷ್ಟ ಮಂದಿ ಅದಾರ ಕೇಳು ಮೊದಲ!"

ಎರಡು ತಾಸು ಸೆಟ್ಟಿಂಗ್ ತಿರುವಿದೆ. ಮೂರು ಸಲ ಚಹಾ ಆಯಿತು. ಕೊನೆಗೆ ಬೇಸತ್ತು ಪೆಟ್ಟಿಗೆ ಬಿಚ್ಚಿ ಕಾರ್ಡನ್ನು ಎಳೆದೆ. ಅದರ ಬಂಗಾರ ಬಣ್ಣದ ಹಲ್ಲುಗಳ ಮೇಲೆ ದಪ್ಪಗೆ ಅರಿಷಿಣ! ಅದರ ಮೇಲೆ ಕುಂಕುಮ!

"ಕಾಕಾ! ಇದಕ್ಕ ಅರಿಷಿಣ ಹಚ್ಚೀರೇನ್ರಿ?"

"ಹೆಣ್ಣಮಗಳಿಗೆ ಬರೇ ಕಾರ್ಡ ಹ್ಯಾಂಗ ಕೊಡೂದವಾ? ಪೇಟ್ಯಾಗಿನ ಪೈಲಾ ನಂಬರ ಅರಿಷಿಣ ಅದು!"

ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಕಾಕಾ ನಗಲಿಲ್ಲ. ಪೆನ್ಸಿಲ್ ಅಳಿಸುವ ರಬ್ಬರು ಹುಡುಕಿ ಕೊಟ್ಟು, ನಾನು ಒಂದೊಂದೇ ಹಲ್ಲು ತಿಕ್ಕುವುದನ್ನು ಬಾಗಿ ನೋಡುತ್ತ ನಿಂತರು. "ಸಾವಕಾಶ," ಎಂದರು.

ಮತ್ತೆ ಕೂಡಿಸಿ ಕಂಪ್ಯೂಟರ್ ಹಚ್ಚಿದೆ. ಕಾರ್ಡು ಕಂಡಿತು! ಒಳಗೆ ಕಳಿಸಿದೆ, ಹೋಯಿತು. ಹೊರಗೆ ದನಿಯೂ ಉಳಿಯಿತು, ನೆಟ್ಟೂ ಉಳಿಯಿತು. ಗೆದ್ದೆ ಎಂದು ಕೈ ಝಾಡಿಸುವಷ್ಟರಲ್ಲಿ ಕಾಕಾ ರೌಟರಿನ ಪಟ್ಟಿ ತೆರೆದಿದ್ದರು.

"ಮೊದಲ ಇಲ್ಲೆ ಅಕಿ ಮೊಬೈಲಿನ ಹೆಸರಿತ್ತು," ಎಂದರು. "ಅಕಿ ಹೋದ್ಲು. ನಾಕು ದಿನಕ್ಕ ಫೋನೂ ಆರಿತು, ಮತ್ತ ಹತ್ತಲಿಲ್ಲ. ಪಟ್ಟಿಯೊಳಗ ನಾ ಒಬ್ಬನ ಉಳದೆ."

ಈಗ ಪಟ್ಟಿಯಲ್ಲಿ ಎರಡು ಸಾಲು. ಮೊದಲನೆಯದು ಕಾಕಾನ ಹೆಸರು. ಎರಡನೆಯದು ಒಳಗಿನಾಕಿಗೆ ಕಾಕಾ ಇಟ್ಟ ಹೆಸರು; ಅದನ್ನು ಎರಡು ಸಲ ಓದಿದೆ.

ನಮ್ಮ ಕಡೆ ಗಂಡ ಹೆಂಡತಿ ಒಬ್ಬರ ಹೆಸರು ಒಬ್ಬರು ಹೇಳುವ ರೂಢಿಯಿಲ್ಲ. ಕಾಕುವನ್ನು ಕಾಕಾ ಕರೆಯುತ್ತಿದ್ದುದು 'ಏ, ಇಲ್ಲೆ ನೋಡು' ಎಂದೇ. ಅವರ ಬಾಯಲ್ಲಿ ಆಕೆಯ ಹೆಸರನ್ನು ನಾನು ಒಮ್ಮೆಯೂ ಕೇಳಿದವಳಲ್ಲ. ಮೂರು ವಾರ ಈ ಮನುಷ್ಯನನ್ನು ನಗೆಯಾಡಿದ್ದಕ್ಕೆ ನನಗೆ ನಾಚಿಕೆಯಾಯಿತು.

ಕಾಕಾ ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ಎರಡನೇ ಸಾಲಿನ ಮೇಲೆ ಬೆರಳಿಟ್ಟು, ಹೊಸ ಅಕ್ಷರ ಕಲಿಯುವವರ ಹಾಗೆ ಓದಿದರು.

"ಗಿರಿಜಾ."

ಬೆರಳು ತೆಗೆಯದೆಯೇ ನನ್ನ ಕಡೆ ತಿರುಗಿದರು.

"ಇದ್ದಾಗ ಒಮ್ಮೆನೂ ಕರೀಲಿಲ್ಲ ನೋಡವಾ."