ಐವತ್ತೆರಡು ಕೆಜಿಯವನಿಗೆ ಎಂಥ ಗಾಡಿ?

ಯಾರು ಏನೇ ಕೊಳ್ಳಲಿ, ಕೊಳ್ಳುವ ಮುಂಚೆ ಒಂದು ಮಾತು ನನ್ನನ್ನು ಕೇಳಲಿ ಎನ್ನುವುದು ನನ್ನ ಬಹುದಿನದ ಆಸೆ. ಕೇಳದಿದ್ದರೂ ಹೇಳುತ್ತೇನೆ, ಅದು ಬೇರೆ ಮಾತು. ಸಂತೆಯಲ್ಲಿ ಗುರುತಿಲ್ಲದವರು ಕಲ್ಲಂಗಡಿ ಬಡಿದು ನೋಡುತ್ತಿದ್ದರೂ ನನ್ನ ಕೈ ಸುಮ್ಮನಿರುವುದಿಲ್ಲ. ನಾನೂ ಹೋಗಿ ಒಂದೇಟು ಬಡಿದು, "ಇದು ಬ್ಯಾಡ್ರಿ, ಪಕ್ಕದ್ದು ತಗೋರಿ" ಅಂದು ಬರುತ್ತೇನೆ. ಹೊಸಪೇಟೆಯ ನಮ್ಮ ಓಣಿಯಲ್ಲಿ ಮಿಕ್ಸಿ, ಸೈಟು, ಅಳಿಯ ಯಾವುದೂ ನನ್ನ ಬಾಯಿಗೆ ಬೀಳದೆ ಮನೆ ಸೇರಿಲ್ಲ. ಸಂಡೂರಿನ ಮೈನಿಂಗ್ ಕಂಪನಿಯೊಂದರ ಸ್ಟೋರ್ಸಿನಲ್ಲಿ ನಟ್ಟು ಬೋಲ್ಟು ಎಣಿಸುವವನಾಗಿ ಸೇರಿ, ಬರೀ ಚೌಕಾಸಿಯ ಬಲದಿಂದ ಖರೀದಿಯ ಕುರ್ಚಿಗೆ ಏರಿದವನು ನಾನು. ಇಂಥವನಿಗೆ, ತನ್ನ ಆಫೀಸಿಗೆ ತಾನು ಹೋಗಿಬರಲು ಭಾರದ ಗಾಡಿ ಬೇಕೋ ಹಗುರದ ಗಾಡಿ ಬೇಕೋ ಎನ್ನುವುದು ಇವತ್ತಿನವರೆಗೂ ಗೊತ್ತಾಗಿಲ್ಲ. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ.

ಮೊದಲು ಕಂಪನಿಯ ಬಸ್ಸಿತ್ತು. ಕಿಟಕಿ ಪಕ್ಕ ಕೂತು ನಿದ್ದೆ ಮಾಡಿದರೆ ಸಂಡೂರಿನಲ್ಲಿ ಕಣ್ಣು ಬಿಡುತ್ತಿದ್ದೆ. ಒಂದು ದಿನ ಅದನ್ನು ನಿಲ್ಲಿಸಿಬಿಟ್ಟರು. ಅದೇ ವಾರ ಹೊಸ ಮ್ಯಾನೇಜರು ಬಂದು, ಎಂಟೂವರೆಗೆ ಎಲ್ಲರೂ ಸೀಟಿನಲ್ಲಿರಬೇಕು, ತಿಂಗಳಿಗೆ ಮೂರು ಸಲ ತಡವಾದವರಿಗೆ ಗುಡ್ಡದ ಮೇಲಿನ ಶೆಡ್ಡು ಅಂದರು. ಗುಡ್ಡದ ಮೇಲಿನ ಶೆಡ್ಡಿನಲ್ಲಿ ಒಂದು ರಿಜಿಸ್ಟರು, ಒಂದು ಕುರ್ಚಿ, ಉಳಿದದ್ದೆಲ್ಲ ಧೂಳು. ಅಲ್ಲಿ ಚೌಕಾಸಿ ಮಾಡಲು ಒಬ್ಬ ವ್ಯಾಪಾರಿಯೂ ಬರುವುದಿಲ್ಲ. ನನ್ನಂಥವನು ಅಲ್ಲಿ ಒಂದು ತಿಂಗಳು ಬದುಕಲಾರ. ಸರ್ಕಾರಿ ಬಸ್ಸು ಒಂದು ನಸುಕಿನಲ್ಲೇ ಹೋಗುತ್ತದೆ, ಇನ್ನೊಂದು ಒಂಬತ್ತರ ಮೇಲೆ ಮುಟ್ಟಿಸುತ್ತದೆ. ಅದಿರು ಲಾರಿ ಹತ್ತೋಣವೆಂದರೆ, ಟಾರ್ಪಾಲಿನ ದರಕ್ಕಾಗಿ ನಾನು ಜಗಳವಾಡದ ಲಾರಿಯವನಿಲ್ಲ. ನನ್ನನ್ನು ಕಂಡರೆ ಗೇರು ಬದಲಿಸಿ ಜೋರಾಗಿ ಹೋಗುತ್ತಾರೆ.

ಉಳಿದದ್ದು ನನ್ನ ಹಳೆಯ ನೂರು ಸಿಸಿ ಗಾಡಿ. ಒಳ್ಳೆಯ ಗಾಡಿ, ಪೆಟ್ರೋಲು ಮೂಸಿ ನೋಡಿದರೆ ಸಾಕು, ಓಡುತ್ತದೆ. ಆದರೆ ಅದೂ ಹಗುರ, ಅದರ ಮೇಲಿನ ನಾನೂ ಹಗುರ. ಹೆಲ್ಮೆಟ್ಟು ಸೇರಿಸಿ ಐವತ್ತೆರಡು ಕೆಜಿ. ಸಂಡೂರಿನ ರಸ್ತೆಯಲ್ಲಿ ಲಾರಿ ಹಿಂದಿನಿಂದ ಬಂದರೆ ಅದರ ಗಾಳಿ ಮೊದಲು ನನ್ನನ್ನು ರಸ್ತೆಯಾಚೆ ತಳ್ಳುತ್ತದೆ. ಅರ್ಧ ಲಾರಿ ದಾಟಿದ ಮೇಲೆ, ಮನೆಯಿಂದ ಹೊರಗೆ ಹಾಕಿದವರು ಪಾಪ ಅನ್ನಿಸಿ ಮತ್ತೆ ಕರೆದ ಹಾಗೆ, ಗಾಲಿಯ ಕಡೆಗೇ ಎಳೆದುಕೊಳ್ಳುತ್ತದೆ. ಹೀಗೆ ನೂಕಿಸಿಕೊಂಡು, ಎಳೆಸಿಕೊಂಡು, ಅದಿರಿನ ಧೂಳಿಗೆ ನೆತ್ತಿಯಿಂದ ಬೂಟಿನವರೆಗೆ ಕೆಂಪಾಗಿ ಗೇಟು ಮುಟ್ಟಿದರೆ ಅಲ್ಲಿ ಹುಲುಗಪ್ಪ ಕಾಯುತ್ತಿರುತ್ತಾನೆ. ಲಾರಿ ತೂಗುವ ಕಾಟಾದ ಗುಮಾಸ್ತ ಅವನು. ನಮ್ಮ ಹೊಸಪೇಟೆಯವನೇ, ತೊಂಬತ್ತಾರು ಕೆಜಿ. ಕಾಟಾದವನನ್ನು ಕೂರಿಸಿಕೊಳ್ಳದ ಲಾರಿ ಇಲ್ಲವಾದ್ದರಿಂದ ದಿನಾ ಕ್ಯಾಬಿನ್ನಿನಲ್ಲಿ ಕಾಲು ಚಾಚಿ ಬರುತ್ತಾನೆ.

"ಕೊಟ್ರೇಶಣ್ಣ, ನೀನೂ ನಿನ್ನ ಗಾಡೀನೂ ಸೇರಿದ್ರ ನಮ್ಮ ಕಾಟಾದಾಗ ಟಾರ್ಪಾಲಿನ ಮ್ಯಾಲಿನ ಧೂಳಿನಷ್ಟೂ ಆಗೂದಿಲ್ಲ. ಭಾರದ ಗಾಡಿ ತಗೋ ಅತ್ಲಾಗ," ಅಂದ ಒಂದು ದಿನ.

ಸಲಹೆ ಕೊಟ್ಟಷ್ಟೇ ಗೊತ್ತಿದ್ದವನಿಗೆ ಸಲಹೆ ತೆಗೆದುಕೊಳ್ಳುವ ಕಾಲ ಬಂತು. ಬೈಪಾಸಿನ ಹತ್ತಿರ ಹಳೆ ಗಾಡಿ ಮಾರುವ ಮೆಹಬೂಬ್ ಭಾಯಿ ನನ್ನ ಹಳೆಯ ದೋಸ್ತ. ಅವನ ಅಂಗಡಿಯಲ್ಲಿ ಒಂದು ಮುನ್ನೂರೈವತ್ತು ಸಿಸಿಯ ಡುಗುಡುಗು ಗಾಡಿ ನಿಂತಿತ್ತು. "ಅಣ್ಣಾ, ಇದರ ಮ್ಯಾಲ ಕುಂತ್ರ ಲಾರೀನ ಸರದು ದಾರಿ ಬಿಡ್ತೈತಿ, ಮಸ್ತ್ ಗಾಡಿ," ಅಂದ. ನಾನು ಬಿಡುವವನೇ? ಹದಿನೈದು ದಿನ ಓಡಿಸಿ ನೋಡಿ ಆಮೇಲೆ ಮಾತು ಎಂದು ಪಟ್ಟು ಹಿಡಿದೆ. ಅವನೂ ಒಂದು ಮಾತು ಹಾಕಿದ: "ಒಂದು ಗೀರು ಬಿದ್ರೂ ಗಾಡಿ ನಿಂದ." ಗೆದ್ದೆನೆಂದು ತಿಳಿದು ಮನೆಗೆ ತಂದೆ. ನನ್ನ ಹೆಂಡತಿ ಶಾರದಾ ಬಾಗಿಲಲ್ಲಿ ನಿಂತು ನೋಡಿ, "ಗಾಡಿ ತಂದ್ರೋ, ಕಾಂಪೌಂಡ್ ಗ್ವಾಡಿ ತಂದ್ರೋ?" ಎಂದಳು.

ರಸ್ತೆಯ ಮೇಲೆ ಅದು ನಿಜಕ್ಕೂ ರಾಜ. ಲಾರಿಯ ಗಾಳಿಗೆ ನನ್ನ ಅಂಗಿ ಹಾರಿತೇ ಹೊರತು ಗಾಡಿ ಅಲುಗಲಿಲ್ಲ. ತೊಂದರೆಯೆಲ್ಲ ನಿಲ್ಲಿಸಿದಾಗ. ಸೀಟಿನ ಮೇಲೆ ಕೂತರೆ ನನ್ನ ಎರಡೂ ಕಾಲು ಒಟ್ಟಿಗೆ ನೆಲ ಮುಟ್ಟುವುದಿಲ್ಲ, ಒಂದನ್ನು ಆರಿಸಿಕೊಳ್ಳಬೇಕು. ಓಣಿಯಲ್ಲಿ ತಿರುಗಿಸಲು ದಿನಾ ಬೆಳಿಗ್ಗೆ ಶಾರದಾ ಹಿಂದಿನಿಂದ ಎಳೆಯಬೇಕು, ಎದುರುಮನೆಯವರು "ಇನ್ನಾ ಎಡಕ್ಕ, ಇನ್ನಾ ಎಡಕ್ಕ" ಅನ್ನಬೇಕು. ನಾಲ್ಕನೆಯ ದಿನ ನಮ್ಮ ಆಫೀಸಿನ ಗೇಟಿನ ಮುಂದಿನ ಇಳಿಜಾರಿನಲ್ಲಿ, ಎಂಟು ಇಪ್ಪತ್ತಕ್ಕೆ, ಇಳಿದು ಸ್ಟ್ಯಾಂಡು ಹಾಕಲು ಹೋದೆ. ಎಮ್ಮೆ ಮಲಗುವ ಮುಂಚೆ ಒಂದು ಕ್ಷಣ ಯೋಚಿಸುತ್ತದಲ್ಲ, ಹಾಗೆ ಯೋಚಿಸಿ ಗಾಡಿ ನನ್ನ ಕಡೆಗೆ ಒರಗಿತು. ಸೊಂಟ ಕೊಟ್ಟು ತಡೆದೆ. ತಡೆದದ್ದೇನೋ ಸರಿ, ಮುಂದೆ? ಮೇಲೆತ್ತಲು ಶಕ್ತಿ ಇಲ್ಲ. ಬಿಟ್ಟರೆ ಗೀರು, ಗೀರು ಬಿದ್ದರೆ ಗಾಡಿ ನನ್ನದು. ಹಾಗೇ ನಿಂತೆ. ದೂರದಿಂದ ನೋಡಿದವರಿಗೆ, ಹೊಸ ಗಾಡಿಗೆ ಒರಗಿಕೊಂಡು ಗತ್ತಿನಿಂದ ನಿಂತವನ ಹಾಗೆ ಕಂಡಿರಬೇಕು. ಡ್ರಿಲ್ಲಿಂಗ್ ಸೆಕ್ಷನ್ನಿನ ಒಬ್ಬರು ನಕ್ಕು, "ಏನ್ ಸರ, ಪೋಜು ಭಾರಿ ಐತಲ್ರಿ!" ಎಂದು ಮೊಬೈಲಿನಲ್ಲಿ ಫೋಟೋ ತೆಗೆದು ಒಳಗೆ ಹೋದರು. ಹಲ್ಲು ಕಚ್ಚಿದ್ದರಿಂದ ಬಾಯಿ ತೆರೆಯಲಾಗಲಿಲ್ಲ. ಅದನ್ನೇ ಅವರು ನಗು ಎಂದುಕೊಂಡರು. ಎಂಟು ಐವತ್ತಕ್ಕೆ, ಕಾಟಾದ ಮುಂದಿನ ಲಾರಿ ಸಾಲು ಕರಗಿದ ಮೇಲೆ, ಹುಲುಗಪ್ಪ ಬಂದು ಒಂದು ಕೈಯಲ್ಲಿ ಗಾಡಿಯನ್ನೂ ಇನ್ನೊಂದರಲ್ಲಿ ನನ್ನನ್ನೂ ನೆಟ್ಟಗೆ ನಿಲ್ಲಿಸಿದ. ಮೊದಲನೆಯ ತಡ ದಾಖಲಾಯಿತು. ಸಂಜೆಯೇ ಗಾಡಿ ಮೆಹಬೂಬ್ ಭಾಯಿಯ ಅಂಗಡಿ ಸೇರಿತು.

ಆಗ ನನ್ನ ವ್ಯವಹಾರದ ಬುದ್ಧಿ ಎಚ್ಚರವಾಯಿತು. ಭಾರದ ಗಾಡಿ ಯಾಕೆ ಬೇಕು? ಬೇಕಾದದ್ದು ಭಾರ ಮಾತ್ರ. ಗಾಡಿ ಹಗುರದ್ದೇ ಇರಲಿ, ಭಾರವನ್ನು ಬೇರೆ ಹಾಕಿದರಾಯಿತು. ಇಟ್ಟಿಗೆ ಚೀಲದಲ್ಲಿ ಕೂರುವುದಿಲ್ಲ, ಉಸುಕು ಸೋರುತ್ತದೆ. ಕಡಿಮೆ ಜಾಗದಲ್ಲಿ ಹೆಚ್ಚು ತೂಕ, ಅದೂ ಪುಕ್ಕಟೆ ಎಂದರೆ ನಮ್ಮ ಸೀಮೆಯಲ್ಲಿ ಒಂದೇ ವಸ್ತು. ಲಾರಿಗಳಿಂದ ಉದುರಿ ರಸ್ತೆ ಪಕ್ಕ ಬಿದ್ದ ಅದಿರಿನ ಗಟ್ಟಿಗಳನ್ನು ಒಂದೊಂದೇ ಆರಿಸಿ ತಂದು, ಗಾಡಿಯ ಎರಡೂ ಬದಿಗೆ ಚೀಲ ಕಟ್ಟಿ, ಸಮ ತೂಗಿ ತುಂಬಿದೆ. ಎರಡು ದಿನ ಗಾಡಿ ರೈಲಿನ ಹಾಗೆ ಓಡಿತು. ಊರಿಗೆಲ್ಲ ಈ ಉಪಾಯ ಹೇಳಬೇಕೆಂದು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ. ಮೂರನೆಯ ದಿನ ಚೆಕ್‌ಪೋಸ್ಟಿನಲ್ಲಿ ಕೈ ಅಡ್ಡ ಬಂತು.

"ಚೀಲದಾಗ ಏನೈತ್ರಿ?"

"ಕಲ್ಲು."

ಕಾವಲಿನವನು ಚೀಲದೊಳಗೆ ಕೈ ಹಾಕಿ, ಒಂದು ಗಟ್ಟಿ ತೆಗೆದು, ಅಂಗೈಯಲ್ಲಿ ತೂಗಿ ನೋಡಿದ. "ಇದು ಕಲ್ಲೇನ್ರಿ? ಪರ್ಮಿಟ್ ಎಲ್ಲೈತಿ?"

"ಸ್ವಾಮಿ, ನಾನು ಹೊಸಪೇಟೆಯಿಂದ ಸಂಡೂರಿಗೆ ಹೊಂಟೀನಿ. ಸಂಡೂರಿಗೆ ಅದಿರು ಕದ್ದು ಒಯ್ಯೋ ಕಳ್ಳ ಎಲ್ಲಾದ್ರೂ ಇದ್ದಾನೇನ್ರಿ?"

"ಅದಕ್ಕ ಅನುಮಾನ ಬಂದಿದ್ದು. ಹೋಗೂ ಮಾಲು ಭಾಳ ನೋಡೀವಿ. ವಾಪಸ್ ಬರೂ ಮಾಲು ಇದ ಮೊದಲು."

ಇದು ಮಾಲಲ್ಲ, ನನ್ನ ತೂಕ ಎಂದು ವಿವರಿಸಿದೆ. ಅವನು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಪಾಪ ಅನ್ನಿಸಿತೇನೋ, ಕೇಸು ಬೇಡ, ಎಲ್ಲ ಇಲ್ಲೇ ಸುರಿದು ಹೋಗಿರಿ ಎಂದ. ಅಲ್ಲಿಗೆ ಕೈಮುಗಿದು ಬರಬೇಕಿತ್ತು. ಹುಟ್ಟುಗುಣ ಬಿಡಬೇಕಲ್ಲ, "ಅರ್ಧಾ ಆದ್ರೂ ಬಿಡ್ರಿ" ಎಂದುಬಿಟ್ಟೆ. ಅವನು ಸಾಹೇಬರನ್ನು ಕರೆದ. ಸಾಹೇಬರು ಕಂಪನಿಗೆ ಫೋನು ಮಾಡಿದರು. ಫೋನು ಎತ್ತಿದವರು ನಮ್ಮ ಹೊಸ ಮ್ಯಾನೇಜರು. ಖರೀದಿ ವಿಭಾಗದವನು ಎರಡು ಚೀಲ ಅದಿರಿನೊಂದಿಗೆ ಸಿಕ್ಕಿದ್ದಾನೆ ಎಂಬ ಸುದ್ದಿಯನ್ನು ಅವರು ಹೇಗೆ ಕೇಳಿಸಿಕೊಂಡರೋ. ಹತ್ತು ಗಂಟೆಗೆ ಆಫೀಸು ಮುಟ್ಟಿದಾಗ ಒಂದೇ ಮಾತು ಹೇಳಿದರು: "ಎರಡಾಯಿತು."

ಇನ್ನೊಂದೇ ಬಾಕಿ. ಆ ವಾರ ನನಗೆ ಅನ್ನ ಸೇರಲಿಲ್ಲ. ಅಂದರೆ ಇನ್ನಷ್ಟು ಹಗುರಾದೆ. ಭಾನುವಾರ ಕಂಪ್ಲಿಯಲ್ಲಿ ನಾದಿನಿಯ ಮೊಮ್ಮಗಳ ನಾಮಕರಣ. ಶಾರದಾಳನ್ನು ಹಿಂದೆ ಕೂರಿಸಿಕೊಂಡು ಹೊರಟೆ. ಎದುರಿಗೆ ಭತ್ತದ ಲಾರಿ ಬಂತು, ಕಣ್ಣು ಮುಚ್ಚಿಕೊಳ್ಳುವಷ್ಟರಲ್ಲಿ ದಾಟಿ ಹೋಯಿತು. ಗಾಡಿ ಅಲುಗಲಿಲ್ಲ. ಇನ್ನೊಂದು ಬಂತು, ಅಲುಗಲಿಲ್ಲ. ನನಗೆ ಜ್ಞಾನೋದಯವಾಯಿತು, ಅದನ್ನು ಬಾಯಿಬಿಟ್ಟು ಹೇಳಿದ್ದೇ ತಪ್ಪು. "ಶಾರದಾ, ಎರಡು ಚೀಲ ಅದಿರಿಗಿಂತ ನೀನ ವಾಸಿ!"

"ಗಾಡಿ ನಿಲ್ಸ್ರಿ."

"ಯಾಕ?"

"ನಿಲ್ಸ್ರಿ ಅಂದ್ರ. ಕಲ್ಲಿನ ಜಾಗಾದಾಗ ನನ್ನ ಕುಂದ್ರಿಸೀರೇನು? ನಾ ಆಟೋದಾಗ ಬರ್ತೀನಿ."

ಅವಳು ಆಟೋದಲ್ಲಿ ಬಂದಳು, ನಾನು ಅಲುಗಾಡುತ್ತ ಬಂದೆ. ಕಂಪ್ಲಿಯ ನೆಂಟರಿಗೆಲ್ಲ ಊಟಕ್ಕೆ ಮುಂಚೆಯೇ ವಿಷಯ ಗೊತ್ತಾಗಿತ್ತು.

ಸೋಮವಾರ ಹುಲುಗಪ್ಪನ ಮನೆಗೆ ಹೋಗಿ, ದಿನಾ ನನ್ನ ಗಾಡಿಯಲ್ಲಿ ಬಾ, ಪುಕ್ಕಟೆ ಎಂದೆ. ನಾನು ಏನನ್ನೂ ಪುಕ್ಕಟೆ ಕೊಡುವವನಲ್ಲ ಎಂಬುದು ಅವನಿಗೂ ಗೊತ್ತು. ಗಡ್ಡ ಕೆರೆದುಕೊಂಡ. "ಲಾರಿ ಕ್ಯಾಬಿನ್ ಆರಾಮ ಐತಿ ಅಣ್ಣ. ಅದನ್ನ ಬಿಟ್ಟು ಬರಬೇಕಂದ್ರ ನನಗೇನೈತಿ?" ಇಷ್ಟು ವರ್ಷ ವ್ಯಾಪಾರಿಗಳಿಗೆ ನಾನು ಕೇಳಿದ ಪ್ರಶ್ನೆಯೇ ಅದು, ದನಿ ಕೂಡ ನನ್ನದೇ. ಅವನ ಷರತ್ತು ಇಷ್ಟು: ಹೊಸ್ತಿಲಿನ ತನಕ ಗಾಡಿ ತರಬೇಕು; ದಾರಿಯಲ್ಲಿ ಮಂಡಕ್ಕಿ ಒಗ್ಗರಣೆ, ನಾಲ್ಕು ಮಿರ್ಚಿ ಬಜ್ಜಿ, ಚಹಾ ನನ್ನ ಲೆಕ್ಕದಲ್ಲಿ. ಮಿರ್ಚಿ ಎರಡಕ್ಕೆ ಇಳಿಸಲು ನೋಡಿದೆ. "ಬ್ಯಾಡಣ್ಣ. ನಾ ಕರಗಿದ್ರ ನಿನಗ ಲಾಸು," ಎಂದ. ನಾಲ್ಕಕ್ಕೇ ಒಪ್ಪಿ ಬಂದೆ.

ಒಂದು ತಿಂಗಳು ಎಲ್ಲ ಸುಸೂತ್ರ. ಎಂಟು ಇಪ್ಪತ್ತಕ್ಕೇ ಗೇಟು. ಕಳೆದ ವಾರ ಒಗ್ಗರಣೆ ಅಂಗಡಿಯಲ್ಲಿ ಅವನು ಮಿರ್ಚಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಶುಗರ್ ಐತಂತಣ್ಣ. ಡಾಕ್ಟರು ಹದಿನೈದು ಕೆಜಿ ಇಳಸು ಅಂದಾರ. ಏನ್ ಮಾಡ್ಲಿ, ನೀನ ಹೇಳು." ನನ್ನನ್ನು ಸಲಹೆ ಕೇಳುತ್ತಿದ್ದ! ಗೋಧಿ ರೊಟ್ಟಿ, ಮೆಂತ್ಯದ ನೀರು, ಬೆಳಗಿನ ನಡಿಗೆ ಎಲ್ಲ ನಾಲಿಗೆಯ ತುದಿಯಲ್ಲಿತ್ತು. ಹೊರಗೆ ಲಾರಿಯೊಂದು ಭರ್ರನೆ ಹೋಯಿತು. "ಡಾಕ್ಟರು ಹಂಗ ಅಂತಿರ್ತಾರಪ್ಪ," ಎಂದೆ. ಹಾಗಂದ ಮೇಲೆ ನನಗೇ ಅನ್ನ ಇಳಿಯಲಿಲ್ಲ. ಸಂಜೆ ಅವನ ಮನೆಗೆ ಹೋಗಿ ಎಲ್ಲ ಬಿಡಿಸಿ ಹೇಳಿ, ಪಥ್ಯದ ಚೀಟಿ ಬರೆದುಕೊಟ್ಟು ಬಂದೆ.

ಹಾಗಾಗಿ ಈಗ ಹೊಸ ಒಪ್ಪಂದ. ಅವನು ಇಳಿಸಿದಷ್ಟು ನಾನು ಏರಿಸಬೇಕು. ದಿನಾ ಬೆಳಿಗ್ಗೆ ಅವನ ಮುಂದೆ ಒಣ ರೊಟ್ಟಿ, ನನ್ನ ಮುಂದೆ ಒಗ್ಗರಣೆ, ನಾಲ್ಕು ಮಿರ್ಚಿ. ತಿಂದು ತಿಂದು ಎದೆಯುರಿ ಬಂದಿದೆಯೇ ಹೊರತು ತೂಕದ ಮುಳ್ಳು ಐವತ್ತೆರಡು ಬಿಟ್ಟು ಸರಿದಿಲ್ಲ. ಅವನೋ, ನನ್ನ ಕಣ್ಣು ತಪ್ಪಿದರೆ ನನ್ನ ತಟ್ಟೆಯಿಂದಲೇ ಒಂದು ಮಿರ್ಚಿ ಎತ್ತುತ್ತಾನೆ. ತಿನ್ನಬೇಡ ಎಂದು ಗದರಬೇಕೆಂದು ದಿನಾ ಅಂದುಕೊಳ್ಳುತ್ತೇನೆ. ಆದರೆ ಅಷ್ಟರಲ್ಲಿ ನನ್ನ ಕಣ್ಣು ತಾನಾಗಿಯೇ ಕಿಟಕಿಯಾಚೆ, ರಸ್ತೆಯ ಕಡೆ ಹೊರಳಿರುತ್ತದೆ. ಸದ್ಯಕ್ಕೆ ಇಬ್ಬರೂ ಸೋಲುತ್ತಿರುವುದರಿಂದ ಗಾಡಿ ನೆಟ್ಟಗೆ ಹೋಗುತ್ತಿದೆ.