ಗೊಬ್ಬರದ ಮೂರನೆಯ ಚೀಲದಲ್ಲಿ ಸಿಕ್ಕಿದ್ದು

ಊರಿನ ಕಸವನ್ನೆಲ್ಲ ಗೊಬ್ಬರವಾಗಿಸುವ ಘಟಕದ ಘನತೆವೆತ್ತ ಮೇಲಧಿಕಾರಿಗಳಿಗೆ,

ಮಾನ್ಯರೇ,

ಮೂವತ್ತು ವರ್ಷ ಅಚ್ಚುಕೂಟದಲ್ಲಿ ಕೂತು ಇತರರ ತಪ್ಪುಗಳನ್ನು ಹುಡುಕಿ ನಿವೃತ್ತನಾದ, ಸದ್ಯ ಹಿತ್ತಿಲಲ್ಲಿ ಮೊಣಕಾಲಿನವರೆಗೆ ಮಣ್ಣು ಮೆತ್ತಿಕೊಂಡು ನಿಂತಿರುವ ಈ ಕರಡು ತಿದ್ದುವವನ ನಮಸ್ಕಾರಗಳನ್ನು ತಾವು ಮೂಗು ಮುಚ್ಚಿಕೊಳ್ಳದೆ ಸ್ವೀಕರಿಸಬೇಕು.

ಕಾಂಪೌಂಡ್ ಗೋಡೆಯ ಪಕ್ಕದಲ್ಲಿ ಹೊಸದೊಂದು ಹೂವಿನ ಪಾತಿ ಮಾಡೋಣವೆಂದು ಒಂದೂವರೆ ಅಡಿ ಅಗೆದು, ಮನೆ ಕಟ್ಟಿದವರು ಹೂತಿಟ್ಟು ಹೋಗಿದ್ದ ಇಟ್ಟಿಗೆ ಚೂರುಗಳನ್ನು ಬುಟ್ಟಿಗಟ್ಟಲೆ ಹೊರಹಾಕಿ, ಹೆಂಟೆಗಳನ್ನು ಕೈಯಲ್ಲೇ ಪುಡಿ ಮಾಡಿ, ತಮ್ಮ ಘಟಕದಿಂದ ಮೂರು ಚೀಲ ಗೊಬ್ಬರ ತಂದೆ. ‘ಜರಡಿ ಹಿಡಿದದ್ದು, ಆರು ತಿಂಗಳಲ್ಲಿ ಎಲ್ಲವೂ ಮಣ್ಣು’ ಎಂದು ಚೀಲದ ಮೇಲೆ ಅಚ್ಚಾಗಿತ್ತು. ಮೊದಲ ಚೀಲದಲ್ಲಿ ಹಲ್ಲುಜ್ಜುವ ಬ್ರಷ್, ರೇಡಿಯೋದ ತಿರುಪು ಮತ್ತು ಎಡಗಾಲಿನ ಒಂದು ಚಪ್ಪಲಿ ದೊರೆತವು. ಎರಡನೆಯದರಲ್ಲಿ ಜರಡಿಯೇ ದೊರೆಯಿತು. ಕೊಟ್ಟ ಮಾತನ್ನು ಇಷ್ಟು ಅಕ್ಷರಶಃ ಪಾಲಿಸುವ ಕಚೇರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ತಮ್ಮನ್ನು ಹಾಡಿ ಹೊಗಳಿ ಸುಮ್ಮನಾಗುತ್ತಿದ್ದೆ. ಆದರೆ ಮೂರನೆಯ ಚೀಲವನ್ನು ಸುರಿದಾಗ ಒಂದು ಕೈಗುದ್ದಲಿ ಬಿತ್ತು. ಅದರ ಹಿಡಿಗೆ ನೀಲಿ ಬಟ್ಟೆಯ ಗವಸು. ನನ್ನ ಅಂಗೈಯಲ್ಲಿ ಬೊಬ್ಬೆ ಏಳುವುದನ್ನು ನೋಡಲಾರದೆ ಪಕ್ಕದ ಮನೆಯ ಟೈಲರ್ ತಾವಾಗಿಯೇ ಹೊಲಿದುಕೊಟ್ಟದ್ದು. ಎರಡು ವರ್ಷದ ಹಿಂದೆ ನನ್ನ ಇದೇ ಗುದ್ದಲಿ ಕಾಣೆಯಾದಾಗ, ಕಡ ಒಯ್ದ ಟೈಲರ್ ನುಂಗಿಹಾಕಿದರೆಂದು ನಾಲ್ಕು ಜನರ ಎದುರು ಅವರನ್ನೇ ಕಳ್ಳನೆಂದವನು ನಾನು. ಅಂದಿನಿಂದ ಗೋಡೆಯಾಚೆ ಅವರ ಹೊಲಿಗೆ ಯಂತ್ರದ ಸದ್ದಷ್ಟೇ ಕೇಳುತ್ತಿದೆ, ಮಾತಿಲ್ಲ. ನಾನೂ ಹಟಕ್ಕೆ ಬಿದ್ದು ದೂರದ ಬೀದಿಯಲ್ಲಿ ಪ್ಯಾಂಟು ಹೊಲಿಸುತ್ತೇನೆ. ಒಂದು ಕಾಲು ಸದಾ ಗಿಡ್ಡ.

ಗುದ್ದಲಿಯನ್ನು ಕಂಡ ನನ್ನ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು, “ಕಳೆ ಕಿತ್ತು ಅದ್ರ ಜೊತೇಲೇ ನೀವೇ ಕಸಕ್ಕೆ ಹಾಕಿರ್ತೀರ ಅಂತ ಅವತ್ತೇ ಬಡ್ಕೊಂಡೆ” ಎಂದು ಒಳಗೆ ಹೋದಳು.

ಮಾನ್ಯರೇ, ಎಲ್ಲವನ್ನೂ ಮಣ್ಣು ಮಾಡುವೆವೆಂದು ಸಾರುವ ತಮ್ಮಿಂದ ಈ ಒಂದನ್ನು ಮಣ್ಣು ಮಾಡಲಾಗಲಿಲ್ಲವೇ? ಆರು ತಿಂಗಳು ಸಾಲದಾದರೆ ಇಪ್ಪತ್ತು ವರ್ಷ ತೆಗೆದುಕೊಳ್ಳಬಹುದಿತ್ತು, ಅಷ್ಟರಲ್ಲಿ ನಾನೂ ಇರುತ್ತಿರಲಿಲ್ಲ. ಈಗಲೂ ಕಾಲ ಮಿಂಚಿಲ್ಲ. ಈ ಗುದ್ದಲಿ ಟೈಲರ್ ಮನೆಯ ಕಸದಲ್ಲೇ ಬಂದದ್ದೆಂದು ತಾವು ಮೊಹರು ಹಾಕಿ ಒಂದು ಪ್ರಮಾಣಪತ್ರ ಕೊಡಬೇಕಾಗಿ ವಿನಂತಿ. ಅದಾಗದಿದ್ದರೆ ನಾಲ್ಕು ಜನರ ಎದುರು ಆಡಿದ ಮಾತನ್ನು ಕೊಳೆಸುವ ಗುಂಡಿಯೊಂದನ್ನು ಬೇಗನೆ ತೋಡಿಸಬೇಕು. ಮೊದಲ ಗಾಡಿ ನನ್ನ ಮನೆಯಿಂದಲೇ ಹೊರಡುತ್ತದೆ. ನಿಜ ಹೇಳಬೇಕೆಂದರೆ ನನಗೆ ನಾಚಿಕೆಯಾಗಿದೆ, ಅದಕ್ಕೇ ತಮ್ಮನ್ನು ಬೈಯುತ್ತಿದ್ದೇನೆ.

ತಮ್ಮ ಜರಡಿಯ ಮೇಲೆ ವಿಶ್ವಾಸ ಕಳೆದುಕೊಂಡ, ಆದರೂ ತಮ್ಮ ವಿಶ್ವಾಸಿ,
ಗೋಡೆಯ ಈಚೆಯವನು

ತಾ.ಕ.: ಆ ಎಡಗಾಲಿನ ಚಪ್ಪಲಿ ನನಗೆ ಸರಿಯಾಗಿ ಹಿಡಿಸುತ್ತದೆ. ಬಲಗಾಲಿನದನ್ನೂ ಹುಡುಕಿಸಿ ಕಳುಹಿಸಿಕೊಡಿ. ನಾಳೆ ಬೆಳಿಗ್ಗೆ ಗುದ್ದಲಿ ಹಿಡಿದು ಪಕ್ಕದ ಮನೆಗೆ ಹೋಗಬೇಕು. ಮುಖವಂತೂ ಇಲ್ಲ, ಕಾಲಿಗೆ ಚಪ್ಪಲಿಯಾದರೂ ಇರಲಿ.