ಅನ್ನದ ಅಂಟಿನ ಚೀಟಿಗಳು

ಜಿರಳೆಗಳಿಗೆ ಓದು ಬರುವುದಿಲ್ಲ ಎಂದರೆ ನಾನು ಒಪ್ಪುವುದಿಲ್ಲ. ನಮ್ಮ ಮನೆಯ ಜಿರಳೆಗಳು ಒಂದೇ ಮಳೆಗಾಲದಲ್ಲಿ ನನ್ನ ಕ್ಯಾಸೆಟ್ಟುಗಳ ಮೇಲಿನ ಚೀಟಿಗಳನ್ನು ಒಂದಕ್ಷರ ಬಿಡದೆ ಮುಗಿಸಿದವು. ನಾನು ಪಾಠ ಹೇಳುವ ಹೊಸನಗರದ ಶಾಲೆಯಲ್ಲಿ ಅಷ್ಟು ಶ್ರದ್ಧೆಯವನು ಒಬ್ಬನೂ ಇಲ್ಲ.

ಎಂಬತ್ನಾಲ್ಕನೇ ಇಸವಿಯಲ್ಲಿ ಶಿವಮೊಗ್ಗದಿಂದ ಟೇಪ್‌ರೆಕಾರ್ಡರ್ ತಂದ ಮೇಲೆ ನಮ್ಮಲ್ಲಿ ಕ್ಯಾಸೆಟ್ಟುಗಳು ಬೆಕ್ಕಿನ ಮರಿಗಳ ಹಾಗೆ ಹೆಚ್ಚಿದವು. ಯಕ್ಷಗಾನ, ಹರಿಕಥೆ, ಭಜನೆ, ನನ್ನ ಹೆಂಡತಿ ಶರಾವತಿ ರೇಡಿಯೋದ ಮುಂದೆ ಉಸಿರು ಬಿಗಿಹಿಡಿದು ತುಂಬಿಸಿಕೊಂಡ ಚಿತ್ರಗೀತೆಗಳು, ಎಲ್ಲವೂ ಒಂದೇ ಬಿಸ್ಕತ್ತಿನ ಡಬ್ಬಿಯಲ್ಲಿ. ಯಾವುದು ಬೇಕೆಂದರೂ ಅವಳು ನೋಡದೆ ಕೈ ಹಾಕಿ ತೆಗೆಯುತ್ತಿದ್ದಳು. ಒಂದಕ್ಕೆ ನೂಲು ಸುತ್ತಿತ್ತು, ಇನ್ನೊಂದಕ್ಕೆ ಬಳೆಚೂರು ಅಂಟಿತ್ತು, ಅವಳ ಅಜ್ಜಿ ಹುಲಿಯಮ್ಮ ಹಾಡಿದ ಮದುವೆ ಪದಗಳ ಕ್ಯಾಸೆಟ್ಟಿಗೆ ಅರಿಶಿನದ ಬೊಟ್ಟಿತ್ತು. ಇದು ವ್ಯವಸ್ಥೆಯಲ್ಲ, ಬರೀ ಅಭ್ಯಾಸ ಎಂದು ನಾನು ತೀರ್ಮಾನಿಸಿದೆ. (ನಾನು ನಮ್ಮೂರಿನ ಮೊದಲ ಬಿ.ಎ. ತೀರ್ಮಾನಿಸುವ ಗುಣ ಪದವಿಯ ಜೊತೆಗೇ ಬಂದದ್ದು.)

ಒಂದು ಭಾನುವಾರ ನೂಲು ಬಿಚ್ಚಿ, ಬಳೆಚೂರು ಕಿತ್ತು, ಅರಿಶಿನ ಒರೆಸಿ, ಪ್ರತಿ ಕ್ಯಾಸೆಟ್ಟಿಗೂ ವರ್ಗ, ಉಪವರ್ಗ, ಕ್ರಮಸಂಖ್ಯೆ ಬರೆದ ಚೀಟಿ ಅಂಟಿಸಲು ಕುಳಿತೆ. ಬಾಟಲಿಯ ತಳದಲ್ಲಿದ್ದ ಗೋಂದು ಒಂದು ಚೀಟಿಗೆ ಮಾತ್ರ ಸಾಲುವಷ್ಟಿತ್ತು. ಅದನ್ನು ನನ್ನದೇ ಭಾಷಣದ ಕ್ಯಾಸೆಟ್ಟಿಗೆ ಬಳಸಿದೆ. ನಾನು ಪದವಿ ಪಡೆದಾಗ ಊರಿನ ಯುವಕ ಮಂಡಲದವರು ಸನ್ಮಾನ ಮಾಡಿದ್ದರು. ಅದಕ್ಕೆ ನಾನು ಕೊಟ್ಟ, ಮೈಕಿನವನು ಮುದ್ರಿಸಿಕೊಂಡಿದ್ದ ಉತ್ತರವೇ ಆ ಭಾಷಣ. ಐತಿಹಾಸಿಕ ದಾಖಲೆಗೆ ಗಟ್ಟಿ ಅಂಟೇ ಬೇಕು. ಉಳಿದವುಗಳಿಗೆ ಮಧ್ಯಾಹ್ನದ ಅನ್ನ ಹಿಸುಕಿ ಅಂಟು ಮಾಡಿದೆ.

"ಅನ್ನ ಬಡಿಸಿದ್ರೆ ಉಣ್ಣೋರು ಬಂದೇ ಬರ್ತಾರೆ ಮಾರಾಯ್ರೆ," ಎಂದಳು ಶರಾವತಿ.

"ಇದು ಅನ್ನ ಅಲ್ಲ ಕಣೇ, ಪಿಷ್ಟ."

"ಜಿರಳೆಗೆ ತಿಳಿಸಿ ಹೇಳಿ ಅದನ್ನ."

ಮಳೆಗಾಲ ಕಳೆಯಿತು. ನನ್ನ ಮಾವ ಮಾರಪ್ಪನವರು ಸಾಗರದ ಕಡೆಯ ತಮ್ಮ ಹಳ್ಳಿಯಿಂದ ಬಂದಿಳಿದರು. ನನ್ನ ನಾದಿನಿಗೆ ತೀರ್ಥಹಳ್ಳಿಯ ಹುಡುಗನೊಂದಿಗೆ ಮದುವೆ ಗೊತ್ತಾಗಿತ್ತು.

"ಎಲ್ಲಾ ತಯಾರಾಗಿದೆ ಅಳಿಯಂದ್ರೇ, ಅಜ್ಜಿ ಪದ ಒಂದು ಬಾಕಿ. ನಮ್ಮನೇಲಿ ಆ ಪದ ಇಲ್ದೆ ಧಾರೆ ಎರೆದದ್ದೇ ಇಲ್ಲ. ಹಾಡೇ ಅಂದ್ರೆ, ಹಲ್ಲೆಲ್ಲ ಹೋದ್ವು, ನನ್ ದನೀನ ಅಳಿಯನ ಡಬ್ಬೀಲಿ ಇಟ್ಟಿದೀನಿ, ಅದನ್ನೇ ಹಾಕ್ಕಳಿ ಅಂತಾಳೆ. ಎಲ್ಲಿ, ಕೊಡಿ."

"ವರ್ಗ ಜಾನಪದ, ಸಂಖ್ಯೆ ಒಂದು," ಎನ್ನುತ್ತ ನಾನು ಡಬ್ಬಿಯ ಮುಚ್ಚಳ ತೆಗೆದೆ.

ಒಳಗೆ ಎಲ್ಲ ಕ್ಯಾಸೆಟ್ಟುಗಳೂ ಬೋಳು ಬೋಳಾಗಿ, ಒಂದೇ ತಾಯಿಯ ಮಕ್ಕಳ ಹಾಗೆ ಮಲಗಿದ್ದವು. ಚೀಟಿ ಉಳಿದದ್ದು ನನ್ನ ಭಾಷಣಕ್ಕೆ ಮಾತ್ರ.

"ಜಿರಳೆಗೂ ಒಂದು ರುಚಿ ಅಂತ ಇರುತ್ತಲ್ಲ," ಎಂದಳು ಶರಾವತಿ.

ಶೋಧನಾ ಕಾರ್ಯ ಆರಂಭವಾಯಿತು. ಮೊದಲ ಕ್ಯಾಸೆಟ್ಟಿನಲ್ಲಿ ರಾಕ್ಷಸನೊಬ್ಬ ಅಬ್ಬರಿಸಿದ. ಮಾವನವರು ಕಿವಿಗೊಟ್ಟು ಕೇಳಿ, "ಇದು ಅಜ್ಜಿ ಅಲ್ಲ," ಎಂದು ಗಂಭೀರವಾಗಿ ಅಭಿಪ್ರಾಯಪಟ್ಟರು. ಎರಡನೆಯದರಲ್ಲಿ ಹರಿಕಥೆಯ ನಡುವೆ ನಮ್ಮ ಕುಕ್ಕರು ಕೂಗಿತು. ಇನ್ನೊಂದರ ಟೇಪನ್ನು ಯಂತ್ರವೇ ನುಂಗಿತು. ಅದನ್ನು ಎಳೆದೆಳೆದು ಪೆನ್ಸಿಲಿನಿಂದ ಒಳಕ್ಕೆ ಸುತ್ತುವುದರಲ್ಲಿ ನನ್ನ ಬೆರಳು ಮರಗಟ್ಟಿತು. ಡಬ್ಬಿ ಬರಿದಾಗುತ್ತ ಬಂದಾಗ ಒಂದರಲ್ಲಿ ಯಾರೋ ಗಟ್ಟಿಯಾಗಿ ಕೆಮ್ಮಿದರು.

"ಇದೇ! ನಮ್ಮಜ್ಜಿ ಕೆಮ್ಮು!" ಎಂದು ಶರಾವತಿ ಕೂಗಿದಳು. "ನೋಡಿ, ಮೊದ್ಲು ಬರೋದು ಧಾರೆ ಪದ. ಅದರ ಬೆನ್ನಿಗೇ ಹೆಣ್ಣು ಕಳಿಸೋ ಪದ. ಮೊದಲ್ನೇದು ಮುಗಿದ ಕೂಡ್ಲೇ ನಿಲ್ಸಿ. ಈಗ ಮುಟ್ಬೇಡಿ ಅದನ್ನ." ಹೀಗೆಂದು ಅಪ್ಪನಿಗೆ ಕಾಫಿ ಮಾಡಲು ಒಳಗೆ ಹೋದಳು.

ಮುಟ್ಟುವ ಉದ್ದೇಶ ನನಗೂ ಇರಲಿಲ್ಲ. ಆದರೆ ಆಗಲೇ ನನಗೊಂದು ಉಪಾಯ ಹೊಳೆಯಿತು. ಜಿರಳೆ ತಿನ್ನಲಾರದ ಚೀಟಿ ಯಾವುದು? ಧ್ವನಿಯ ಚೀಟಿ! ಕ್ಯಾಸೆಟ್ಟಿನ ಆರಂಭದಲ್ಲಿ ಹೇಗೂ ಸ್ವಲ್ಪ ಖಾಲಿ ಜಾಗ ಇರುತ್ತದೆ. ಅಲ್ಲಿ ಒಳಗೇನಿದೆಯೆಂದು ನಾಲ್ಕು ಮಾತು ಹೇಳಿಬಿಟ್ಟರೆ ಅದು ಆಚಂದ್ರಾರ್ಕ ಉಳಿಯುತ್ತದೆ. ಹಿಂದಕ್ಕೆ ಸುತ್ತಿ, ಧ್ವನಿ ತುಂಬಿಸುವ ಕೆಂಪು ಗುಂಡಿ ಒತ್ತಿ, "ವರ್ಗ ಜಾನಪದ, ಸಂಖ್ಯೆ ಒಂದು, ಹಾಡಿದವರು ಹುಲಿಯಮ್ಮನವರು," ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅಂಥ ಹಿರಿಯ ಜೀವವನ್ನು ಒಂದೇ ವಾಕ್ಯದಲ್ಲಿ ಮುಗಿಸುವುದು ಕೃತಘ್ನತೆ ಎನಿಸಿತು. ಸೋಬಾನೆಯ ಉಗಮ, ವಿಕಾಸ, ಅದರ ಸಾಮಾಜಿಕ ಮಹತ್ವ, ಈ ಧ್ವನಿಮುದ್ರಣದಲ್ಲಿ ನಾನು ಎದುರಿಸಿದ ತಾಂತ್ರಿಕ ತೊಡಕುಗಳು, ಇಷ್ಟನ್ನೂ ಹೇಳಿ ಮುಗಿಸುವಾಗ ಕಾಫಿ ಬಂತು. ಮತ್ತೆ ಹಾಕಿ ಕೇಳಲಿಲ್ಲ. ನಾನೇ ಆಡಿದ್ದನ್ನು ನಾನೇ ಕೇಳುವುದೇನಿದೆ?

ಮದುವೆಯ ದಿನ ಟೇಪ್‌ರೆಕಾರ್ಡರಿನ ಮುಂದೆ ಮೈಕಿಟ್ಟು ನಾನೇ ಕುಳಿತೆ. ಶರಾವತಿಯ ಚೀಲದಲ್ಲಿ ನನ್ನ ಭಾಷಣದ ಕ್ಯಾಸೆಟ್ಟೂ ಇತ್ತು. (ಊಟದ ಹೊತ್ತಿಗೆ ಯಾರಾದರೂ ಒತ್ತಾಯಿಸಿದರೆ ಇರಲಿ ಎಂದು ನಾನೇ ಹಾಕಿದ್ದೆ.) ಮಾವನವರು ಧಾರೆಯ ಚೊಂಬು ಹಿಡಿದು ನನ್ನ ಕಡೆ ನೋಡಿದರು. ನಾನು ಗುಂಡಿ ಒತ್ತಿದೆ. ಮರಕ್ಕೆ ಕಟ್ಟಿದ್ದ ಲೌಡ್‌ಸ್ಪೀಕರಿನಿಂದ ನನ್ನ ಧ್ವನಿ ಸೋಬಾನೆಯ ಉಗಮದ ಬಗ್ಗೆ ಮಾತಾಡತೊಡಗಿತು. ಚೊಂಬು ಗಾಳಿಯಲ್ಲೇ ನಿಂತಿತು. ವಿಕಾಸಕ್ಕೆ ಬರುವಾಗ ಮಾವನವರು ಚೊಂಬನ್ನು ಇನ್ನೊಂದು ಕೈಗೆ ಬದಲಾಯಿಸಿದರು. ಕೊನೆಗೆ ನನ್ನ ಧ್ವನಿ, "ಇದೀಗ ಧಾರೆ ಪದ," ಎಂದು ಘೋಷಿಸಿ ನಿಂತಿತು. ಆಮೇಲೆ ಹುಲಿಯಮ್ಮನ ದನಿ ಬಂತು. ಅದು ಹೆಣ್ಣು ಕಳಿಸುವ ಪದ.

ಧಾರೆ ಪದವನ್ನು ಅಳಿಸಿ ಅದರ ಮೇಲೆ ನಾನು ಕುಳಿತುಬಿಟ್ಟಿದ್ದೆ.

ನಮ್ಮ ಕಡೆ ಆ ಪದ ಕಿವಿಗೆ ಬಿದ್ದರೆ ಹೆಂಗಸರು ಅಳಬೇಕು. ಅದು ದುಃಖವಲ್ಲ, ಪದ್ಧತಿ. ನಮ್ಮತ್ತೆ ಮಗಳನ್ನು ತಬ್ಬಿಕೊಂಡು ಅತ್ತರು. ನಾದಿನಿ ಬಿಕ್ಕಿದಳು. ಅಡಿಗೆಮನೆಯಿಂದ ಸೌಟು ಹಿಡಿದೇ ಬಂದು ನಾಲ್ವರು ಅತ್ತರು. ದಿಬ್ಬಣದ ಬಸ್ಸಿಗೂ ಹೊರಡುವ ಗುರುತು ಅದೇ ಪದ. ಡ್ರೈವರ್ ಭೂತಪ್ಪ ಹಾರನ್ ಬಾರಿಸಿ ಗಾಡಿ ಚಾಲೂ ಮಾಡಿದ. ಗಂಡಿನ ಕಡೆಯ ಮುದುಕರು ಕಿಟಕಿ ಪಕ್ಕದ ಸೀಟಿಗಾಗಿ ಓಡಿದರು.

ವರನ ತಂದೆ ಧರ್ಮಪ್ಪನವರು ಮಂಟಪದಲ್ಲೇ ಎದ್ದು ನಿಂತರು. "ಎಂತ ಮಾರಪ್ಪನೋರೇ ಇದು? ಧಾರೆ ಮೊದ್ಲೇ ಮನೆಮಂದಿಯೆಲ್ಲ ಅಳ್ತಿದ್ದಾರೆ! ಹುಡುಗಿಗೆ ಮನಸ್ಸಿಲ್ದಿದ್ರೆ ಈಗ್ಲೇ ಹೇಳಿ, ನಾವು ಎದ್ದು ಹೋಗ್ತೀವಿ. ಬಸ್ಸೂ ಸ್ಟಾರ್ಟ್ ಆಗಿದೆ."

"ಓಡಿ, ಮೊದ್ಲು ಬಸ್ ನಿಲ್ಸಿ!" ಎಂದು ಶರಾವತಿ ನನ್ನನ್ನು ತಳ್ಳಿದಳು. ಓಡಿದೆ.

"ಭೂತಪ್ಪ, ನಿಲ್ಸೋ! ಇನ್ನೂ ಮದುವೆ ಆಗಿಲ್ಲ!"

"ಪದ ಬಂತಲ್ಲ ಮೇಷ್ಟ್ರೇ. ಮದುವೆ ಆಯ್ತೋ ಬಿಡ್ತೋ, ಡ್ರೈವರ್ ಕೇಳೋದಾ?"

ಕಿಟಕಿಯ ಸೀಟು ಸಿಕ್ಕಿದ್ದ ಮುದುಕರೊಬ್ಬರು ಇಳಿಯಲು ಖಡಾಖಂಡಿತ ನಿರಾಕರಿಸಿದರು. ಅವರ ಜೊತೆ ನಾನು ವಾದಿಸುತ್ತಿರುವಾಗ ಚಪ್ಪರದ ಕಡೆಯಿಂದ ಹುಲಿಯಮ್ಮನ ಗುಡುಗು ಕೇಳಿಸಿತು.

"ಯಾವನವ ನನ್ ಪದ ನುಂಗಿದೋನು? ಜಿರಳೆ ಬರೀ ಚೀಟಿ ತಿಂತು, ಮೇಷ್ಟ್ರು ಪದಾನೇ ತಿಂದ! ಧರ್ಮಪ್ಪ, ಕೂತ್ಕ. ನಮ್ ಹುಡ್ಗಿಗೆ ಮನಸ್ಸಿದೆ. ಬುದ್ಧಿ ಇಲ್ದಿರೋದು ನಮ್ಮಳಿಯಂಗೆ. ಮಾರಾ, ಎರಿ ಧಾರೆ. ಹಲ್ಲಿಲ್ದಿದ್ರೆ ಏನಾತು, ನಾಲಿಗೆ ಇದೆ."

ಆಮೇಲೆ ಪದ ಕೇಳಿಸಿತು. ಹಲ್ಲಿಲ್ಲದೆ ಕೆಲವು ಅಕ್ಷರಗಳು ಜಾರುತ್ತಿದ್ದವು, ಆದರೆ ದನಿ ಬಸ್ಸಿನ ಇಂಜಿನ್ನಿಗಿಂತ ಮೇಲಿತ್ತು. ಭೂತಪ್ಪ ತಾನಾಗಿಯೇ ಇಂಜಿನ್ ನಿಲ್ಲಿಸಿದ. ನಾನು ಚಪ್ಪರಕ್ಕೆ ಮರಳುವಷ್ಟರಲ್ಲಿ ಧಾರೆ ಮುಗಿದಿತ್ತು. ಧರ್ಮಪ್ಪನವರು ಅಜ್ಜಿಯ ಕಾಲು ಮುಟ್ಟುತ್ತಿದ್ದರು. ಶರಾವತಿ ಟೇಪ್‌ರೆಕಾರ್ಡರಿನ ಮುಂದೆ ಕುಳಿತಿದ್ದಳು. ಕೆಂಪು ಗುಂಡಿ ಒತ್ತಿಕೊಂಡಿತ್ತು.

"ಭೇಷ್, ಮತ್ತೆ ತುಂಬಿಸಿಕೊಂಡೆಯಲ್ಲ!" ಎಂದೆ. "ಖಾಲಿ ಕ್ಯಾಸೆಟ್ ಎಲ್ಲಿ ಸಿಕ್ತು?"

"ಖಾಲಿ ಎಲ್ಲಿಂದ ಬರ್ಬೇಕು? ಚೀಲದಲ್ಲಿ ಇತ್ತಲ್ಲ, ಅದನ್ನೇ ಹಾಕಿದೆ," ಎಂದಳು ಅವಳು ತಣ್ಣಗೆ. "ಗಟ್ಟಿಯಾಗಿ ಚೀಟಿ ಅಂಟಿಸಿದ್ರಿ. ಒಳಗೆ ಏನಿದೆ ಅಂತ ಖಾತ್ರಿ ಇದ್ದಿದ್ದು ಅದೊಂದಕ್ಕೇ."

ನನ್ನ ಭಾಷಣದಲ್ಲಿ ಈಗ ಉಳಿದಿರುವುದು ಕೊನೆಯ ಚಪ್ಪಾಳೆ ಮಾತ್ರ. ಹುಲಿಯಮ್ಮನ ಪದ ಮುಗಿದ ಮೇಲೆ ಅದು ಬಹಳ ಹೊತ್ತು ಬೀಳುತ್ತದೆ. ಮೊನ್ನೆ ಅಜ್ಜಿ ನಮ್ಮ ಮನೆಗೆ ಬಂದಾಗ ಅದನ್ನು ಪೂರ್ತಿ ಕೇಳಿ, ಸಮಾಧಾನದಿಂದ ಕುಟ್ಟಿದ ಎಲೆಯಡಿಕೆ ಮೆದ್ದು, "ಯಾರೋ ಎಂತದೋ, ಪದ ಅಂದ್ರೆ ಎಂತ ಅಂತ ತಿಳ್ದ ಜನ," ಎಂದರು.